ಕೇಳದೆ ನೆಟ್ಟ ಪೈರು

ತಲಕಾಡಿನ ಹತ್ತಿರ, ನಾಲೆಯ ಕೆಳಗೆ, ನನ್ನ ಸೋದರತ್ತೆಯ ಗದ್ದೆ ಇದೆ. ಬಿಳಿಗೆರೆ ಕಡೆಯ ನಮ್ಮೂರಿನಿಂದ ಪ್ರತಿ ವರ್ಷ ನಾಟಿಗೆ ಅವ್ವನೂ ನಾನೂ ಬಸ್ಸು ಹತ್ತುತ್ತಿದ್ದೆವು. ನಾಟಿ ಹಾಕುವಾಗ ಒಬ್ಬಳ ಕೈ ನಿಧಾನವಾದರೆ ಅಕ್ಕಪಕ್ಕದವರು ಅವಳ ಪಾಲಿಗೂ ನಾಲ್ಕು ನಾಲ್ಕು ಪೈರು ಊರಿಬಿಡುತ್ತಾರೆ. ಯಾರೂ ಮಾತಾಡುವುದಿಲ್ಲ, ಅವಳೂ ತಲೆ ಎತ್ತುವುದಿಲ್ಲ. ಸಾಲು ಮಾತ್ರ ಸಮನಾಗುತ್ತದೆ. ನನ್ನ ಪಾಲಿನ ಅರ್ಧವನ್ನು ಹೀಗೆ ಯಾರ‍್ಯಾರೋ ನೆಟ್ಟಿದ್ದಾರೆ.

ಇದೇ ಬುದ್ಧಿ ಕಟ್ಟಿಕೊಂಡು, ಮಣ್ಣಿನ ವಿಷಯ ಓದಲು ಜರ್ಮನಿಗೆ ಹೋದೆ. ಅಲ್ಲಿ ನಾಲ್ವರು ಸೇರಿ ಒಂದು ವರದಿ ಬರೆಯಬೇಕಿತ್ತು. ಮೊದಲ ದಿನವೇ, ಅಣ್ಣತಮ್ಮಂದಿರು ಜಮೀನು ಭಾಗ ಮಾಡಿಕೊಂಡ ಹಾಗೆ, ಯಾರ ಪಾಲು ಯಾವುದೆಂದು ಬರೆದಿಟ್ಟರು. ನನ್ನ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡಿದ್ದ ಜರ್ಮನ್ ಹುಡುಗಿಯೂ ತಂಡದಲ್ಲಿದ್ದಳು. ನನ್ನ ಸಾರಿನ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ಸೌಟು ಹಾಕಿಸಿಕೊಳ್ಳುವವಳು. ಆ ದೇಶದಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ.

ಅವಳು ಜ್ವರ ಬಂದು ಒಂದು ವಾರ ಮಲಗಿದಳು. ಅವಳ ಪಾಲಿನಲ್ಲಿ ಉಳಿದದ್ದನ್ನು ನಾನೇ ಬರೆದು, ಅವಳ ಹೆಸರಿನ ಕೆಳಗೆ ಸೇರಿಸಿ, ಶಹಬ್ಬಾಸ್‌ಗಿರಿಗೆ ಕಾದು ಕೂತೆ. ಓದಿದವಳ ಮುಖ ಕೆಂಪಾಯಿತು.

"ನನ್ನ ಕೈಲಾಗುವುದಿಲ್ಲ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆಯಾ?" ಎಂದಳು.

ನನಗೋ ಮೂಗಿನ ತುದಿಯಲ್ಲೇ ಕೋಪ. ನಮ್ಮ ಕಡೆ ಇಂಥದಕ್ಕೆ ಕಾಫಿ ಕೊಡುತ್ತಾರೆ, ಬೈಯುವುದಿಲ್ಲ ಎಂದು ನಾನೂ ಸರಿಯಾಗಿ ತಿರುಗೇಟು ಕೊಟ್ಟೆ. ಆಮೇಲೆ ಒಂಬತ್ತು ದಿನ ಮಾತಿಲ್ಲ. ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಅಕ್ಕಿ ಇಡುತ್ತಿದ್ದೆ, ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಒಬ್ಬಳೇ ತಿನ್ನುತ್ತಿದ್ದೆ. ಅಂಕ ಹೋದರೆ ಹೋಗಲಿ, ಅವಳು ಹೋಗಬಾರದು ಎನಿಸುತ್ತಿತ್ತು.

ಹತ್ತನೆಯ ದಿನ ಅವಳ ಪಾಲಿನಲ್ಲಿ ನಾನು ಬರೆದದ್ದನ್ನೆಲ್ಲ ಅಳಿಸಿ, ಪುಟಗಳನ್ನು ಖಾಲಿ ಮಾಡಿ ಅವಳಿಗೆ ಕಳಿಸಿದೆ. ಅವಳು ನಾಲ್ಕು ದಿನ ಕೂತು ಬರೆದಳು. ನಿಜ ಹೇಳಬೇಕೆಂದರೆ ನನ್ನದೇ ಚೆನ್ನಾಗಿತ್ತು. ಮೇಷ್ಟ್ರು ಅಲ್ಲೇ ಅಂಕ ಕಳೆದರು. ಅವಳು ಮಾತ್ರ ಅದು ತಾನು ಬರೆದದ್ದೆಂದು ಹಿಗ್ಗಿ, ತಟ್ಟೆ ಹಿಡಿದು ಬಂದು, ಸಾರು ಇದೆಯಾ ಎಂದು ಕೇಳಿದಳು. ನನಗೆ ಅಳು ಬಂತು. ಇನ್ನು ಮೇಲೆ ಕೇಳದೆ ಯಾರ ಕೆಲಸಕ್ಕೂ ಕೈ ಹಾಕುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟೆ.

ರಜೆಗೆ ಬಂದಾಗ ನಾಟಿ ನಡೆದಿತ್ತು. ಅತ್ತೆಗೆ ಮಂಡಿನೋವು, ಕೈ ಓಡುತ್ತಿರಲಿಲ್ಲ. ಕಲಿತ ಪಾಠ ಮರೆಯದೆ, ನಿನ್ನ ಕಡೆಗೂ ನಾಲ್ಕು ನೆಡಲಾ ಅತ್ತೆ ಎಂದು ಕೇಳಿದೆ. ಸಾಲಿನವರೆಲ್ಲ ತಲೆ ಎತ್ತಿ ಅತ್ತೆಯನ್ನು ನೋಡಿದರು.

"ಕೇಳ್ಬುಟ್ಟು ನೆಡ್ತಾರೇನವ್ವಾ? ನಾನ್ ಇಂದೆ ಬಿದ್ದಿವ್ನಿ ಅಂತ ಊರ್ಗೆಲ್ಲ ಸಾರ್ಬೇಕಾ?"

ಅತ್ತೆಯ ಮುಖವೂ ಗೆಳತಿಯ ಮುಖದ ಹಾಗೆಯೇ ಕೆಂಪಾಗಿತ್ತು. ಇಬ್ಬರನ್ನೂ ನಾನು ಒಂದೇ ರೀತಿ ನೋಯಿಸಿದ್ದೆ. ನಾಚಿಕೆಯಾಗಿ, ಬಾಯಿ ಮುಚ್ಚಿಕೊಂಡು ಅವಳ ಪಾಲಿಗೂ ಬಗ್ಗಿ ನೆಟ್ಟೆ. ಮಧ್ಯಾಹ್ನ ಅತ್ತೆ ನನ್ನ ತಟ್ಟೆಗೆ ದೊಡ್ಡ ಮುದ್ದೆಯನ್ನೇ ಇಟ್ಟಳು.

ಗದ್ದೆಯ ಫೋಟೋ ಗೆಳತಿಗೆ ಕಳಿಸಿದೆ. ಇದರಲ್ಲಿ ನೀನು ನೆಟ್ಟದ್ದು ಯಾವುದು ಎಂದು ಕೇಳಿದಳು. ದೊಡ್ಡದು ಮಾಡಿ ನೋಡಿದರೂ ನನಗೆ ತಿಳಿಯಲಿಲ್ಲ, ಹಾಗೆಂದೇ ಬರೆದೆ. ಮುಂದಿನ ವರ್ಷ ತಾನೂ ಬರಬಹುದಾ ಎಂದು ಕೇಳಿದಳು. ಖಂಡಿತ ಬಾ ಎಂದೆ. ಅವಳ ಕೈ ನಿಧಾನವಾದರೆ ಪಕ್ಕದಲ್ಲಿರುವ ಅತ್ತೆ ಏನು ಮಾಡುತ್ತಾಳೆಂಬುದನ್ನು ಮಾತ್ರ ಹೇಳಲಿಲ್ಲ.