ಮುಚ್ಚಳದ ಮೇಲೆ ಬರೆದ ಹೆಸರು

ಹಗ್ಗ ಕಂಡರೂ ಹಾವೆಂದು ಹಾರುವ ಆ ಹುಡುಗಿಗೆ ಮನೆಯಲ್ಲಿ ಪುಕ್ಕಲಿ ಎಂದೇ ಹೆಸರು. ಡಿಗ್ರಿಯ ಮೂರನೇ ವರ್ಷದಲ್ಲಿ ಈ ಪುಕ್ಕಲಿ ಕಾಲೇಜಿನ ಸಂಶೋಧನಾ ಲ್ಯಾಬಿಗೆ ಸೇರಿ, ಇಲಿಯ ಮೂಳೆಮಜ್ಜೆಯಿಂದ ತೆಗೆದ, ಮೂಳೆಯಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್ ಸಾಕತೊಡಗಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅಪ್ಪ. ಬಸ್ ಡ್ರೈವರ್ ಆಗಿದ್ದ ಅವನ ಎಡಗಾಲು, ಅಂದರೆ ಕ್ಲಚ್ ತುಳಿಯುವ ಕಾಲು, ಮೊಣಕಾಲಿನ ಕೆಳಗೆ ಮುರಿದು ಎಂಟು ತಿಂಗಳಾದರೂ ಕೂಡಿಕೊಂಡಿರಲಿಲ್ಲ. ಸೊಂಟದಿಂದ ಚೂರು ಮೂಳೆ ತೆಗೆದು ಅಲ್ಲಿ ತುಂಬಬೇಕು, ಇನ್ನು ತಡಮಾಡಿದರೆ ಕಾಲು ಊರುವುದೇ ಕಷ್ಟ ಎಂದು ಡಾಕ್ಟರು ಸೋಮವಾರಕ್ಕೆ ಆಪರೇಷನ್ ಗೊತ್ತುಮಾಡಿದ್ದರು. ದಿನಾ ಸಂಜೆ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, ನಿನ್ನ ಮಕ್ಕಳು ಉಂಡವಾ, ಮಲಗಿದವಾ ಎಂದು ಅವನು ಸೆಲ್ಲುಗಳ ಯೋಗಕ್ಷೇಮ ವಿಚಾರಿಸುತ್ತಿದ್ದ.

ಆ ಶುಕ್ರವಾರ ಇಪ್ಪತ್ತೊಂದು ದಿನದ ಕೆಲಸ ಮುಗಿಯಿತು. ಇದ್ದದ್ದು ಸೆಲ್ಲುಗಳ ಎರಡು ಪುಟ್ಟ ಬಟ್ಟಲು. ಒಂದಕ್ಕೆ ಮೂಳೆ ಬೆಳೆಸಬಹುದೆಂಬ ಹೊಸ ಔಷಧ ಹಾಕಿದ್ದಳು, ಇನ್ನೊಂದಕ್ಕೆ ಹಾಕಿರಲಿಲ್ಲ. ಮೂಳೆಯಂತೆ ಸುಣ್ಣ ಕಟ್ಟಿದ ಕಡೆ ಕೆಂಪೇರುವ ಬಣ್ಣ ಹೊಯ್ದು ತೊಳೆದಳು. ಒಂದು ಕಡುಗೆಂಪಾಯಿತು, ಇನ್ನೊಂದು ಪೇಲವವಾಗಿಯೇ ಉಳಿಯಿತು. ಕೆಂಪು ಬಟ್ಟಲಿನ ಮುಚ್ಚಳದ ಮೇಲೆ 'ಔಷಧ' ಎಂದಿತ್ತು. ಕುಣಿದಾಡುವಂತಾಗಿ ಫೋಟೋ ತೆಗೆದು ಅಪ್ಪನಿಗೆ ಕಳಿಸಿಯೇಬಿಟ್ಟಳು.

ಪಕ್ಕದ ಬೆಂಚಿನ ಸೀನಿಯರ್ ಬಟ್ಟಲನ್ನೆತ್ತಿ ತಳ ನೋಡಿದಳು. ತಳ ಬೋಳು.

"ಹೆಸರು ಮುಚ್ಚಳದ ಮೇಲೆ ಮಾತ್ರ ಬರೆದಿದ್ದೀಯಾ?"

ಪುಕ್ಕಲಿ ಇನ್ನೊಂದನ್ನೂ ಎತ್ತಿ ನೋಡಿದಳು, ಅದರ ತಳವೂ ಬೋಳು. ತಳದಲ್ಲಿ ಬರೆದರೆ ಮೈಕ್ರೋಸ್ಕೋಪಿಗೆ ಅಕ್ಷರ ಅಡ್ಡ ಬರುತ್ತದೆಂದು ಜಾಣತನ ಮಾಡಿದ್ದಳು. ತೊಳೆಯುವಾಗ ಎರಡೂ ಮುಚ್ಚಳಗಳನ್ನು ತೆಗೆದು ಒಟ್ಟಿಗೆ ಇಟ್ಟಿದ್ದಳು. ಯಾರ ಟೋಪಿ ಯಾರ ತಲೆಗೆ ಕೂತಿತೋ ದೇವರೇ ಬಲ್ಲ.

ಗೈಡ್ ಮೇಡಂ ಎದುರು ನಿಂತು ನಡೆದದ್ದನ್ನು ಹೇಳಿದಳು. ಲ್ಯಾಬಿನಿಂದ ಹೊರಹಾಕುತ್ತಾರೆಂದೇ ಎಣಿಸಿದ್ದಳು. ಮೇಡಂ ನೋಟ್‌ಬುಕ್ಕಿನ ಪುಟಕ್ಕೆ ಅಡ್ಡಗೆರೆ ಎಳೆದು, ಮೊದಲಿಂದ ಮತ್ತೆ ಮಾಡು ಎಂದರು, ಅಷ್ಟೆ. ಅವಳು ನಿಟ್ಟುಸಿರು ಬಿಡುವಷ್ಟರಲ್ಲಿ ಅಮ್ಮನ ಫೋನ್ ಬಂತು. ಫೋಟೋ ನೋಡಿದ ಅಪ್ಪ ಸೋಮವಾರ ಆಪರೇಷನ್ ಬೇಡವೇ ಬೇಡ, ಮಗಳ ಔಷಧ ಬರಲಿ ಎಂದು ಹಟ ಹಿಡಿದು ಕೂತಿದ್ದಾನಂತೆ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದ್ದಾರೆ ಕಣೇ ನಿಮ್ಮಪ್ಪ. ನೀನೇ ಬಂದು ಹೇಳು."

ಅವಳು ಕೂಡಲೇ ಮನೆಗೆ ಹೊರಟಳು. ಮೇಡಂ ಬೈದಿದ್ದರೆ ತಲೆ ತಗ್ಗಿಸಿ ನಿಂತರಾಗುತ್ತಿತ್ತು. ಅಪ್ಪನ ಕಾಲು ಹೋದರೆ ಯಾರ ಎದುರು ತಲೆ ತಗ್ಗಿಸುವುದು? ಅವಳಿಗೆ ಓಡಿಹೋಗಬೇಕೆನಿಸುವಷ್ಟು ಭಯವಾಗಿತ್ತು.

ಅಪ್ಪನ ಎದುರು ಕೂತು, ಮುಚ್ಚಳದ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕೆಂಪಾದದ್ದು ಔಷಧ ಹಾಕದ ಬಟ್ಟಲೂ ಆಗಿರಬಹುದು ಎಂದಳು.

ಅಪ್ಪನ ಮುಖ ಅರಳಿತು. "ಹಾಗಾದ್ರೆ ಏನೂ ಹಾಕದಿದ್ರೂ ಮೂಳೆ ತಾನಾಗೇ ಬೆಳೆಯುತ್ತೆ ಅಂತಾಯ್ತು. ಇನ್ನೂ ಒಳ್ಳೇದೇ ಆಯ್ತಲ್ಲ."

ನಿಜ ಹೇಳಿದರೂ ಅದರಲ್ಲೇ ಆಸೆ ಹೆಕ್ಕಿಕೊಳ್ಳುವವನಿಗೆ ಇನ್ನೇನು ಹೇಳುವುದು?

"ಅಪ್ಪ, ಅದು ಇಲಿದು. ಬಟ್ಟಲಲ್ಲಿರೋದು. ನಿನ್ನ ಕಾಲಿಗೂ ಅದಕ್ಕೂ ಸಂಬಂಧ ಇಲ್ಲ. ಆ ಔಷಧ ನಿಂಗೆ ಬರಲ್ಲ. ಈ ವರ್ಷ ಇಲ್ಲ, ಮುಂದಿನ ವರ್ಷನೂ ಇಲ್ಲ."

ಒಳಗೆ ಅಮ್ಮ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಗೊತ್ತು ಪುಟ್ಟಿ. ಮೊದಲಿಂದ್ಲೂ ಗೊತ್ತು. ಆ ಆಪರೇಷನ್ ಟೇಬಲ್ ಮೇಲೆ ಮಲಗಿದ್ರೆ ಎದ್ದೇಳ್ತೀನೋ ಇಲ್ವೋ ಅಂತ ಭಯ. ಅದನ್ನ ಯಾರ ಹತ್ರ ಹೇಳ್ಲಿ?"

ಅವಳಿಗೂ ಅದೇ ಭಯವಿತ್ತು. ಹಾಗೆಂದೇ ಹೇಳಿದಳು. ಆಮೇಲೆ, ಸೋಮವಾರ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಲು ಆಸ್ಪತ್ರೆಗೆ ಫೋನ್ ಮಾಡಿದಳು. ಅತ್ತ ಕಡೆಯವರು ಮಾತು ಮುಗಿಸುವವರೆಗೂ ಅಪ್ಪ ಅವಳ ಮೊಣಕೈ ಬಿಡಲಿಲ್ಲ.