ಖಲಾಸ್ ಆದ ಕೇಸು

ನಮ್ಮ ಮನೆಯವರು ಬರೆದ ಎಂಟರ ಹೊಟ್ಟೆ ಸ್ವಲ್ಪ ದಪ್ಪ. ಹರಿಹರದ ರಸ್ತೆಯಲ್ಲಿ ಮುಂದೆ ಹೋಗುವ ಬೈಕಿನ ನಂಬರ್ ಪ್ಲೇಟ್ ನೋಡಿ, ಇದು ನಮ್ಮ ಅಂಗಡಿಯದು ಎಂದು ನಾನು ಬೆರಳು ತೋರಿಸಿ ಹೇಳಿಬಿಡುತ್ತಿದ್ದೆ. ಅವರಿಗೆ ನಾಚಿಕೆ. "ಸುಮ್ನಿರೇ, ಜನ ನಗ್ತಾರೆ" ಅನ್ನುತ್ತಿದ್ದರು. ನಗಲಿ, ನನಗೇನು? ಗಂಡನಿಗೆ ಬಾಯಿಲ್ಲದಿದ್ದರೆ ಹೆಂಡತಿಗಾದರೂ ಇರಬೇಕಲ್ಲ. ನನ್ನ ಬಾಯಿ ಬೊಂಬಾಯಿ ಎಂದು ನಮ್ಮತ್ತೆ ಕೊನೆಯವರೆಗೂ ಅಂದರು. ಸುಳ್ಳೇನಲ್ಲ.

ಬಸ್ ನಿಲ್ದಾಣದ ಹತ್ತಿರ ತಗಡಿನ ಸಣ್ಣ ಅಂಗಡಿ. ಬೈಕು, ಲಾರಿ, ಟ್ರ್ಯಾಕ್ಟರ್ ಟ್ರೇಲರ್, ಎಲ್ಲದರ ನಂಬರೂ ಇವರ ಕೈಯಲ್ಲೇ. ಮೊದಲು ಸ್ಟಿಕ್ಕರ್ ಬಂದು ಅರ್ಧ ಗಿರಾಕಿ ಹೋದರು. ಆಮೇಲೆ ಸರ್ಕಾರದ ಅಚ್ಚಿನ ಪ್ಲೇಟ್ ಬಂತು; ಕೈಯಲ್ಲಿ ಬರೆದ ನಂಬರಿಗೆ ದಂಡ ಅಂದರು. ಉಳಿದ ಅರ್ಧವೂ ಹೋಯಿತು. ಆಗಲೂ ಇವರು ದಿನಾ ಬೆಳಿಗ್ಗೆ ಹೋಗಿ ಬಾಗಿಲು ತೆಗೆಯುತ್ತಿದ್ದರು. ಒಣಗಿದ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿಟ್ಟು ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು. ಕೊನೆಗೆ ಅಂಗಡಿ ಮುಚ್ಚಿದಾಗಲೂ ಯಾರಿಗೂ ಒಂದು ಮಾತು ಬೈಯಲಿಲ್ಲ. ಅವರ ಪಾಲಿನದನ್ನೂ ನಾನೇ ಬೈದೆ.

ನನ್ನ ಅಣ್ಣ ದಾವಣಗೆರೆಯ ಎಸ್.ಎಸ್. ಬಡಾವಣೆಯ ಕಡೆ ಆಟೋ ಓಡಿಸುತ್ತಿದ್ದ. ಮಂಡಿನೋವು ಜಾಸ್ತಿಯಾಗಿ ಅವನು ಮನೆ ಹಿಡಿದಾಗ ನಮ್ಮನ್ನು ಕರೆಸಿ, "ಗಾಡಿ ಸುಮ್ನೆ ನಿಂತೈತೆ ನೋಡಮ್ಮ. ನಿನ್ ಗಂಡ ಓಡಿಸ್ಲಿ. ಬ್ಯಾಡ್ಜ್ ಒಂದು ಮಾಡಿಸ್ಕಳ್ರಿ ಸಾಕು" ಅಂದ. ಬಾಡಿಗೆ ಗಾಡಿ, ಅಂದರೆ ಹಳದಿ ಬೋರ್ಡಿನ ಗಾಡಿ ಓಡಿಸುವವರಿಗೆ ಸಾರಿಗೆ ಕಚೇರಿಯವರು ಕೊಡುವ ಬಿಲ್ಲೆ ಅದು. ಅದಿಲ್ಲದೆ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಇವರು ಅಣ್ಣನ ಆಟೋವನ್ನೇ ಮೈದಾನದಲ್ಲಿ ಓಡಿಸಿ ಕಲಿತರು. ಕಲಿತ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ನಾಲ್ಕು ಸುತ್ತು ಹಾಕಿ, "ಎಲ್ಲಿಗೆ ಬಿಡ್ಲಿ ಮೇಡಂ?" ಎಂದು ಕೇಳಿದರು. ಅಂಗಡಿ ಮುಚ್ಚಿದ ಮೇಲೆ ಅವರ ಬಾಯಲ್ಲಿ ತಮಾಷೆ ಬಂದದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಬೈಯುವುದಕ್ಕೆ ಏನೂ ಹೊಳೆಯಲಿಲ್ಲ.

ಅರ್ಜಿ ಕೊಡಲು ಸಾರಿಗೆ ಕಚೇರಿಗೆ ಹೋದ ದಿನ ಅಂಗಳದಲ್ಲಿ ಹೊಸ ಕರಿ ಜೀಪೊಂದು ನಿಂತಿತ್ತು. ಒಂದೇ ಅಂಕಿ ನಾಲ್ಕು ಸಲ ಇರುವ ಫ್ಯಾನ್ಸಿ ನಂಬರ್. ಅದರ ಯಜಮಾನನನ್ನು ಊರಿಗೆಲ್ಲ ಗೊತ್ತು. ಹೊಡೆದಾಟ, ಬೆದರಿಕೆ, ಒಳಗೆ ಹೋಗಿ ಬಂದದ್ದು, ಒಂದೆರಡಲ್ಲ. ಜನ ಆ ನಂಬರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಶಿಕ್ಷೆ ಆದೋರಿಗೆ ಇಂಥ ನಂಬರ್ ಯಾಕ್ರಿ ಕೊಡ್ತಾರೆ? ಫ್ಯಾನ್ಸಿ ನಂಬರ್ ಅಲ್ಲ, ಯಾವ ಬೋರ್ಡೂ ಕೊಡಬಾರ್ದು. ನಡ್ಕಂಡು ಓಡಾಡ್ಲಿ!" ಅಂದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ.

ಮುಂದೆ ನಿಂತಿದ್ದ ಮುದುಕರೊಬ್ಬರು ತಿರುಗಿ, "ಅಕ್ಕಾರು ಹೇಳೋದು ಖರೆ ಐತೆ ನೋಡ್ರಿ" ಅಂದರು. ನಮ್ಮ ಮನೆಯವರು ಎಂದಿನಂತೆ ಸುಮ್ಮನಿರು ಅನ್ನಲಿಲ್ಲ. "ಹೌದು, ಕೊಡಬಾರ್ದು" ಎಂದು ಅವರೂ ಮೆಲ್ಲಗೆ ಸೇರಿಸಿದರು.

ಬ್ಯಾಡ್ಜಿಗೆ ಪೊಲೀಸರ ತಪಾಸಣೆ ಆಗಬೇಕು. ಕೆಲವು ದಿನಗಳ ನಂತರ ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬರು ಮನೆಗೆ ಬಂದರು. ಒಳ್ಳೆಯ ಮನುಷ್ಯ. "ಬರ್ರಿ, ಕೂಡ್ರಿ" ಎಂದು ಚಾ ಕೊಟ್ಟೆ. ಅವರು ಚಾ ಕುಡಿಯುತ್ತಾ, "ಹಿಂದೆ ಯಾವ್ದಾದ್ರೂ ಕೇಸ್ ಇತ್ತೇನಮ್ಮ?" ಎಂದು ಕೇಳಿದರು. ಇವರು ಬಾಯಿ ತೆಗೆಯುವ ಮೊದಲೇ ನಾನು, "ಒಂದಿತ್ರೀ ಸಾಹೇಬ್ರೆ, ಖಲಾಸ್ ಆಗೈತೆ" ಅಂದೆ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಕೇಸ್ ಆದದ್ದು ಹೀಗೆ. ಅಂಗಡಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ ಯಾರೋ ಒಬ್ಬ ಬೈಕ್ ತಂದು, ಪ್ಲೇಟ್ ಮುರಿದಿದೆ ಎಂದು ಹೇಳಿ ಹೊಸದು ಬರೆಸಿಕೊಂಡು ಹೋದ. ಹೇಳಿದ ನಂಬರನ್ನು ಬರೆದುಕೊಡುವುದು ಪೇಂಟರನ ಕೆಲಸ. ಆಗ ಯಾವ ಅಂಗಡಿಯವನೂ ಗಾಡಿಯ ಕಾಗದ ಕೇಳುತ್ತಿರಲಿಲ್ಲ. ಆ ಬೈಕು ಕಡರನಾಯಕನಹಳ್ಳಿಯ ರೈತರೊಬ್ಬರ ಮನೆ ಮುಂದಿನಿಂದ ಕದ್ದದ್ದು. ಕಳ್ಳ ಸಿಕ್ಕಿಬಿದ್ದಾಗ ಸುಳ್ಳು ನಂಬರಿನಲ್ಲಿದ್ದ ಎಂಟನ್ನು ನೋಡಿಯೇ ಪೊಲೀಸರು ನೆಟ್ಟಗೆ ನಮ್ಮ ಅಂಗಡಿಗೆ ಬಂದರು. ಅಷ್ಟು ಚಂದದ ದಪ್ಪ ಹೊಟ್ಟೆ ಬೇರೆ ಯಾರು ಬರೆಯುತ್ತಾರೆ! ಕದ್ದ ಗಾಡಿಗೆ ಗೊತ್ತಿದ್ದೂ ನಂಬರ್ ಬರೆದುಕೊಟ್ಟ ಎಂದು ಇವರ ಹೆಸರನ್ನೂ ಸೇರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಕೋರ್ಟಿನಲ್ಲಿ ನಮ್ಮ ಕಡೆ ನಿಂತ ವಕೀಲನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅವನು ಇವರನ್ನು ಕಂಬದ ಹಿಂದೆ ಕರೆದುಕೊಂಡು ಹೋಗಿ, "ಮಾಡಿಲ್ಲ ಅಂದ್ರೆ ವರ್ಷಗಟ್ಲೆ ಅಲೀಬೇಕಾಗ್ತದೆ. ತಪ್ಪಾತು ಅಂತ ಒಪ್ಕಂಡ್ರೆ ಇವತ್ತೇ ಖಲಾಸ್. ಕೋರ್ಟ್ ಏಳೋತನಕ ಅಲ್ಲೇ ಕೂತಿರ್ರಿ, ಆಮೇಲೆ ಮನೆಗೆ ಹೋಗ್ರಿ" ಅಂದ. ಅಂಗಡಿ ಬಿಟ್ಟು ವರ್ಷಗಟ್ಟಲೆ ಅಲೆಯುವವರು ಯಾರು? ಇವರು ಒಪ್ಪಿಕೊಂಡರು. ಜಡ್ಜ್ ಸಾಹೇಬರು ಏನೋ ಓದಿದರು. ಇವರು ಗೋಡೆಯ ಪಕ್ಕದ ಬೆಂಚಿನ ಮೇಲೆ ಸಂಜೆಯವರೆಗೆ ಕೈಕಟ್ಟಿ ಕೂತರು. ಹೊರಗೆ ಜಗಲಿಯ ಮೇಲೆ ನಾನು ಕೂತೆ. ಸಾಹೇಬರು ಎದ್ದರು, ಇವರೂ ಎದ್ದು ಬಂದರು. ಬರುತ್ತಾ ದಾರಿಯಲ್ಲಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬಂದು ಮಕ್ಕಳ ಜೊತೆ ತಿಂದೆವು. ಖಲಾಸ್ ಆತು ಎಂದು ನಾನು ಓಣಿಗೆಲ್ಲ ಹೇಳಿದೆ.

ನಾವು ಮನೆಯಲ್ಲಿ ಉರ್ದು ಮಾತಾಡುವವರು. ಖಲಾಸ್ ಅಂದರೆ ಮುಗಿಯಿತು. ಕನ್ನಡ ಪೇಪರಿನಲ್ಲಿ 'ಆರೋಪಿ ಖುಲಾಸೆ' ಎಂದು ಬರುತ್ತದಲ್ಲ, ನಮ್ಮ ಖಲಾಸನ್ನೇ ಪೇಪರಿನವರು ಹಾಗೆ ಬರೆಯುತ್ತಾರೆ ಎಂದು ನಾನು ತಿಳಿದಿದ್ದೆ. ನಮ್ಮ ಓಣಿಯವರೂ ಹಾಗೇ ತಿಳಿದಿದ್ದರು. ಇಷ್ಟು ವರ್ಷ ಯಾರೂ ಅಲ್ಲ ಅನ್ನಲಿಲ್ಲ.

ಕಾನ್‌ಸ್ಟೇಬಲ್ ಚಾದ ಲೋಟ ಕೆಳಗಿಟ್ಟು, "ಖಲಾಸೋ, ಖುಲಾಸೆಯೋ?" ಎಂದರು.

"ಎರಡೂ ಒಂದೇ ಅಲ್ಲೇನ್ರಿ?"

"ಅಲ್ಲಮ್ಮ. ಖುಲಾಸೆ ಅಂದ್ರೆ ತಪ್ಪು ಮಾಡಿಲ್ಲ ಅಂತ ಬಿಟ್ಟಂಗೆ. ಇವರದು ಹಂಗಲ್ಲ. ನಮ್ಮ ರೆಕಾರ್ಡಿನಲ್ಲಿ ಶಿಕ್ಷೆ ಆಗೈತೆ ಅಂತ ಐತೆ."

"ಯಾವ ಶಿಕ್ಷೆ ಸಾಹೇಬ್ರೆ? ಇವರು ಜೈಲಿನ ಬಾಗಿಲು ಸೈತ ನೋಡಿಲ್ಲ!"

"ಕೋರ್ಟ್ ಏಳೋತನಕ ಕೂತಿದ್ರಲ್ಲ, ಅದೇ ಶಿಕ್ಷೆ."

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು. ತೌಬಾ, ಬೆಂಚಿನ ಮೇಲೆ ಕೂರುವುದೂ ಶಿಕ್ಷೆಯೇ? ಹಾಗಾದರೆ ನಾನೂ ಜಗಲಿಯ ಮೇಲೆ ಕೂತಿದ್ದೆನಲ್ಲ, ನನ್ನನ್ನೂ ಬರೆದುಕೊಳ್ಳಿ ಅಂದೆ. ಕಾನ್‌ಸ್ಟೇಬಲ್ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯಲೇಬೇಕು ಎಂದು ಹೇಳಿ, ಚಪ್ಪಲಿ ಮೆಟ್ಟಿ ಹೋದರು.

ಬ್ಯಾಡ್ಜ್ ಸಿಗಲಿಲ್ಲ. ಸಾರಿಗೆ ಕಚೇರಿಯ ಕಿಟಕಿಯ ಹಿಂದೆ ಇದ್ದ ಹೆಣ್ಣುಮಗಳು ತಾಳ್ಮೆಯಿಂದಲೇ ತಿಳಿಸಿ ಹೇಳಿದಳು: ಬಿಳಿ ಬೋರ್ಡಿನ ಸ್ವಂತ ಗಾಡಿಗೆ ಯಾವ ಕೇಸನ್ನೂ ಕೇಳುವುದಿಲ್ಲ, ಫ್ಯಾನ್ಸಿ ನಂಬರಿಗೂ ಕೇಳುವುದಿಲ್ಲ, ಹರಾಜಿನಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹಳದಿ ಬೋರ್ಡಿನಲ್ಲಿ ಜನ ಕೂರುತ್ತಾರೆ, ಅದಕ್ಕೇ ಕೇಳುತ್ತಾರೆ. "ಅದೂ ಕದ್ದ ಗಾಡಿ ಕೇಸ್ ಅಂತಾರೆ. ಮೇಲಿನೋರು ಒಪ್ಪಲ್ರೀ ಅಮ್ಮ" ಅಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ನನ್ನ ಮಗಳು ಒಬ್ಬಳೇ ಆಟೋ ಹತ್ತುವಾಗ ನಾನೂ ಓಡಿಸುವವನ ಮುಖ ನೋಡುತ್ತೇನೆ. ಜಗಳ ತೆಗೆಯಲೆಂದೇ ಹೋಗಿದ್ದೆ, ಜಗಳ ಮಾಡಲು ಜಾಗವೇ ಸಿಗಲಿಲ್ಲ. ಅದು ಇನ್ನೂ ಹೊಟ್ಟೆ ಉರಿಸಿತು.

ದಾವಣಗೆರೆಯಲ್ಲೇ ಬೇರೆ ವಕೀಲರೊಬ್ಬರನ್ನು ಹುಡುಕಿಕೊಂಡು ಹೋದೆವು. ತಲೆ ನರೆತವರು, ಅನುಭವಸ್ಥರು. ಎಲ್ಲ ಕೇಳಿಸಿಕೊಂಡು ಇವರ ಕಡೆ ತಿರುಗಿ, "ನೀವೇ ನಿಮ್ಮ ಬಾಯಿಂದ ಒಪ್ಕಂಡೀರಿ. ಒಪ್ಕಂಡ ಮೇಲೆ ತಪ್ಪು ಮಾಡಿಲ್ಲ ಅಂತ ಅಪೀಲು ಹೆಂಗೆ ಹಾಕೋದು?" ಅಂದರು.

"ಆ ವಕೀಲ ಒಪ್ಕ ಅಂದ, ಇವರು ಒಪ್ಕಂಡ್ರು. ಅಷ್ಟೇ ಅಲ್ಲೇನ್ರಿ?" ಅಂದೆ ನಾನು.

"ಯಾರು ಹೇಳಿಕೊಟ್ರು ಅಂತ ಕೋರ್ಟ್ ಬರ್ಕಳಲ್ಲಮ್ಮ. ಯಾರು ಹೇಳಿದ್ರು ಅಂತ ಬರ್ಕಳ್ತದೆ."

ಅಣ್ಣ ಒಂದಷ್ಟು ದಿನ ಕಾದ. ನಿಂತ ಗಾಡಿ ಹಾಳಾಗುತ್ತದೆ, ಅವನಿಗೂ ಸಂಸಾರ ಇದೆ. ಕೊನೆಗೆ ಆನಗೋಡಿನವರೊಬ್ಬರಿಗೆ ಕೊಟ್ಟ. ಕೊಡುವ ದಿನ ನಾವೂ ಅಲ್ಲಿದ್ದೆವು. ತೆಗೆದುಕೊಂಡವರು ಗಾಡಿ ಚಾಲೂ ಮಾಡಲು ಒದ್ದಾಡುತ್ತಿದ್ದಾಗ ನಮ್ಮ ಮನೆಯವರೇ ಬಗ್ಗಿ, ಚೋಕ್ ಎಳೆದು ಹೀಗೆ ಮಾಡಿ ಎಂದು ತೋರಿಸಿಕೊಟ್ಟರು. ನನಗೆ ನೋಡಲಾಗಲಿಲ್ಲ. ಒಳಗೆ ಹೋಗಿ ಅತ್ತಿಗೆಯ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಸಂಜೆ ಹರಿಹರದ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ನಾನು ಆ ಮೀಸೆ ಬಾರದ ವಕೀಲನನ್ನು, ಕಳ್ಳನನ್ನು, ಅಚ್ಚಿನ ಪ್ಲೇಟ್ ತಂದವರನ್ನು ಎಲ್ಲ ಒಂದು ಸುತ್ತು ಬೈದು ಮುಗಿಸಿದೆ. ಇವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದವರು ತಿರುಗದೆಯೇ, "ನಂಗೆ ಗೊತ್ತಿತ್ತೇನೋ" ಅಂದರು.

"ಏನು ಗೊತ್ತಿತ್ತು?"

"ಆ ಬೈಕ್ ಕದ್ದಿದ್ದು ಅಂತ. ಅವ ಅವಸರ ಮಾಡ್ತಿದ್ದ. ಮುಖ ಕೊಟ್ಟು ಮಾತಾಡ್ಲಿಲ್ಲ. ನಂಗೆ ಅನುಮಾನ ಬಂದಿತ್ತೇನೋ. ಬಂದಿದ್ರೂ ಬರೆದೆನೇನೋ. ಇಲ್ಲಾಂದ್ರೆ ನಾನ್ಯಾಕೆ ಒಪ್ಕೊತಿದ್ದೆ?"

"ಹುಚ್ಚು ಹಿಡೀತೇನ್ರಿ ನಿಮ್ಗೆ? ಖಂಡಿತ ಗೊತ್ತಿರಲಿಲ್ಲ!" ಅಂದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ನೀನು ಅವತ್ತು ಅಂಗಡೀಲಿ ಇದ್ಯೇನು?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದರು. ನಾನು ಅಂಗಡಿಯಲ್ಲಿ ಇರಲಿಲ್ಲ.