ಕಲ್ಯಾಣಿಯ ಬಟ್ಟಲು

ರೈಟರಮ್ಮನ ಬಲಗೈ ಸುಮ್ಮನಿದ್ದುದನ್ನು ನಾನು ಕಂಡೇ ಇಲ್ಲ. ಹುಳಿ ಕುದಿಯುತ್ತಿದ್ದರೆ ಸೌಟನ್ನು ಎಡಗೈಗೆ ದಾಟಿಸಿ ಬಲಗೈಯಿಂದ ತೊಡೆಯ ಮೇಲೆ ಒಂದು ತಟ್ಟು. ಹಿಂದೆಯೇ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಒಂದೊಂದಾಗಿ ತಾಗುತ್ತಿದ್ದವು. ಹಾಗಾಗಿ ಅವರ ಸೀರೆಗಳಿಗೆಲ್ಲ ಬಲತೊಡೆಯ ಮೇಲೆ ಅರಿಶಿನದ ಕಲೆ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ತಂತಿಯ ಮೇಲೆ ಒಣಹಾಕಿದ ಸೀರೆ ನೋಡಿಯೇ ಇದು ರೈಟರಮ್ಮನದು ಎಂದು ಹೇಳಬಹುದಿತ್ತು.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಕೆಲವೇ ವರ್ಷ. ಸುಂಟಿಕೊಪ್ಪದ ಆಚೆ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ನಮ್ಮವರು ಕಂಪೌಂಡರು. ಆಳುಗಳ ಹಾಜರಿ ಬರೆಯುವ ರೈಟರು ಪಕ್ಕದ ಮನೆ. ಅವರ ಹೆಂಡತಿ ಎಲ್ಲರಿಗೂ ರೈಟರಮ್ಮ. ಎರಡು ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ತಗಡಿನ ಮಾಡು. ನಾನು ಕುಶಾಲನಗರದ ಕಡೆಯ ಗದ್ದೆಮನೆಯವಳು, ಮದುವೆಯಾಗಿ ಬಂದ ಹೊಸತು. ರೈಟರಮ್ಮ ಮೈಸೂರಿನವರು. ತವರಿನಿಂದ ತಂದದ್ದೆಂದರೆ ಕೀ ಕೊಡುವ ಒಂದು ಗ್ರಾಮಫೋನು, ಒಂದು ಪೆಟ್ಟಿಗೆ ತುಂಬ ಹಾಡಿನ ಪ್ಲೇಟುಗಳು. ಮಕ್ಕಳಿರಲಿಲ್ಲ.

ಗಂಡಸರು ಊಟ ಮುಗಿಸಿ ತೋಟಕ್ಕೆ ಹೋದ ಮೇಲೆ ಅವರು ಗೋಡೆಗೆ ಸೌಟಿನಿಂದ ಬಡಿಯುತ್ತಿದ್ದರು. ಅದು ಕರೆ. ಸಂಗೀತವನ್ನು ಒಬ್ಬರೇ ಕೇಳುವುದು ಅವರಿಂದ ಆಗುತ್ತಿರಲಿಲ್ಲ. “ಮನೇಲಿ ಮಾಡಿದ ಒಬ್ಬಟ್ಟು ಬಾಗಿಲು ಹಾಕ್ಕೊಂಡು ತಿಂತಾರೇನೇ?” ಎನ್ನುತ್ತಿದ್ದರು. ಪ್ಲೇಟನ್ನು ಹಳೆಯ ಅಂಗವಸ್ತ್ರದ ತುಂಡಿನಿಂದ ಒರೆಸಿ, ಮುಳ್ಳನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಇಳಿಸುವ ಮೊದಲು ನನಗೊಂದು ಎಚ್ಚರಿಕೆ: “ಬೆಲ್ಲದ ಚೂರು ಬಾಯಲ್ಲಿಟ್ಟ ಹಾಗೆ ಕೇಳು. ಅಗಿಯಬೇಡ.”

ಮೊದಲ ದಿನ ಹಾಕಿದ್ದು ಮುಖಾರಿ ರಾಗ. ನಾನು ತೋಟದ ಸಿಲ್ವರ್ ಓಕ್ ಮರದ ಹಸಿ ಸೌದೆ ಊದಿ ಊದಿ, ಹೊಗೆ ಕುಡಿದು, ಹಾಗೇ ಎದ್ದು ಬಂದಿದ್ದೆ. ಕೂತ ಮೇಲೂ ಕಣ್ಣಿನಿಂದ ನೀರು ಸುರಿಯುತ್ತಲೇ ಇತ್ತು. ಅವರು ನನ್ನ ಮುಖ ನೋಡಿದರು. ಪ್ಲೇಟು ಮುಗಿದು ಗರಗರ ತಿರುಗುತ್ತಿದ್ದರೂ ಮುಳ್ಳು ಎತ್ತಲಿಲ್ಲ. “ನಿನಗೆ ಕಿವಿ ಇದೆ ಕಣೇ,” ಎಂದರು, ದನಿ ಇಳಿಸಿ. “ಈ ಕಾಡಿಗೆ ಬಂದಾಗಿನಿಂದ ಹುಡುಕ್ತಾ ಇದ್ದೆ.”

ಹೊಗೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮನೆಯಲ್ಲಿ ನಾನು ಅನ್ನ ಸೀಯಿಸುವವಳು, ಮಜ್ಜಿಗೆ ಹುಳಿ ಬರಿಸುವವಳು. ಅಲ್ಲಿ ಮಾತ್ರ ಏನೋ ಇರುವವಳಾಗಿದ್ದೆ. ಸುದ್ದಿ ಅತ್ತೆಯ ತನಕ ಹೋಯಿತು. “ಇಲ್ಲಿ ಅನ್ನ ಸೀದ್ರೆ ಇವಳ ಮೂಗಿಗೆ ಗೊತ್ತಾಗಕಿಲ್ಲ, ಅಲ್ಲಿ ರಾಗಕ್ಕೆ ಕಣ್ಣೀರಂತೆ! ವಿದ್ವಾಂಸಳು ಕಣಪ್ಪ ನಿನ್ನ ಹೆಂಡ್ರು!” ಎಂದು ಮಗನಿಗೆ ಹೇಳಿ ನಕ್ಕರು. ಆ ಬೈಗುಳವೂ ನನಗೆ ಹಿತವಾಗಿತ್ತು.

ರೈಟರಮ್ಮ ತಾಳ ಹೇಳಿಕೊಟ್ಟರು. ಒಂದು ತಟ್ಟು, ಮೂರು ಬೆರಳು. ತಟ್ಟಿ ತಿರುವು, ತಟ್ಟಿ ತಿರುವು. ಅಷ್ಟೇ. ಆದರೆ ಹಾಡು ಒಂದು ಕಡೆ ಹೋದರೆ ನನ್ನ ಕೈ ಇನ್ನೊಂದು ಕಡೆ ಹೋಗುತ್ತಿತ್ತು. ಮೊರದಲ್ಲಿ ಅಕ್ಕಿ ತಂದು ಕಲ್ಲು ಆರಿಸುತ್ತ ಕೂರುವುದು ನನ್ನ ಅಭ್ಯಾಸ. ಕಲ್ಲು ಸಿಕ್ಕಿದಾಗ ಬೆರಳು ನಿಲ್ಲುತ್ತಿತ್ತು, ಎಸೆದ ಮೇಲೆ ಮತ್ತೆ ಎಲ್ಲಿಂದಲೋ ಶುರುವಾಗುತ್ತಿತ್ತು. ಅವರು ಕಣ್ಣು ಮುಚ್ಚಿ ಕೇಳುವವರಾದ್ದರಿಂದ ಬಚಾವಾದೆ.

ಮಳೆಗಾಲದಲ್ಲಿ ತಗಡಿನ ಮೇಲೆ ಮಳೆ ಹೊಡೆಯುವಾಗ ಪಕ್ಕದಲ್ಲಿ ಕೂತವರ ಮಾತೇ ಕೇಳದು. ನಾವಿಬ್ಬರೂ ಪೆಟ್ಟಿಗೆಗೆ ಕಿವಿ ಆನಿಸಿ ಕೂರುತ್ತಿದ್ದೆವು. ಆ ವರ್ಷ ಮಳೆ ಹೋಯಿತು, ಕಾಫಿ ಹಣ್ಣಾಗಲು ಶುರುವಾಯಿತು. ಅವರು ಮಾತ್ರ ಪೆಟ್ಟಿಗೆಗೆ ಕಿವಿ ಆನಿಸಿಯೇ ಕೂರುತ್ತಿದ್ದರು. ಅವರ ಕಿವಿಯೊಳಗೆ ಮಳೆ ನಿಂತಿರಲಿಲ್ಲ.

“ಅಣ್ಣ ಮೈಸೂರಲ್ಲಿ ಡಾಕ್ಟರಿಗೆ ತೋರಿಸಿದ,” ಎಂದರು ಒಂದು ದಿನ. “ಕಿವಿಯ ನರ ಒಣಗ್ತಾ ಇದೆಯಂತೆ. ರೈಟರಿಗೆ ಹೇಳಬೇಡ ಮಾರಾಯ್ತಿ. ಮೊದಲೇ ಅವರು ಮಾತಾಡೋದು ದಿನಕ್ಕೆ ನಾಲ್ಕು ಮಾತು. ಕೇಳಿಸಲ್ಲ ಅಂತ ಗೊತ್ತಾದ್ರೆ ಅದೂ ಉಳಿತಾಯ!” ಎಂದು ತಾವೇ ನಕ್ಕರು. ಆಮೇಲೆ ಗ್ರಾಮಫೋನಿನ ಮುಂದೆ ನನ್ನನ್ನು ಕೂರಿಸಿ, ಮೊರ ತೆಗೆದು ಆಚೆ ಇಟ್ಟರು. “ಪ್ಲೇಟೆಲ್ಲ ನನಗೆ ಬಾಯಿಪಾಠ. ಹಾಡು ಎಲ್ಲಿಗೆ ಬಂತು ಅಂತ ತಿಳಿದರೆ ಸಾಕು, ಮಿಕ್ಕಿದ್ದು ಒಳಗೇ ಹಾಡ್ಕೋತೀನಿ. ನೀನು ತಾಳ ಹಾಕು. ನಿನ್ನ ಕೈ ನೋಡ್ಕೊಂಡು ಕೇಳ್ತೀನಿ.”

ಅವತ್ತಾದರೂ ಬಾಯಿ ಬಿಡಬಹುದಿತ್ತು. “ಹೂಂ” ಎಂದೆ.

ಅಲ್ಲಿಂದ ಮುಂದೆ ಅವರು ಕಣ್ಣು ಮುಚ್ಚಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತ, ತುಟಿ ಅಲ್ಲಾಡಿಸುತ್ತ ಸ್ವಲ್ಪ ದೂರ ಬರುವರು. ಆಮೇಲೆ ಹುಬ್ಬು ಗಂಟಾಗುವುದು. “ಮುಳ್ಳು ಹಾರಿತೇನೇ?”

“ಹೂಂ, ಹಾರಿತು,” ಎಂದು ತಲೆಯಾಡಿಸುತ್ತಿದ್ದೆ. ಮುಳ್ಳು ತನ್ನ ಪಾಡಿಗೆ ಚೆನ್ನಾಗಿಯೇ ಹೋಗುತ್ತಿತ್ತು, ತಪ್ಪುತ್ತಿದ್ದುದು ನನ್ನ ಕೈ.

“ಸವೆದುಹೋಗಿದೆ ಪಾಪ, ಎಷ್ಟು ವರ್ಷ ಹಾಡೀತು,” ಎಂದು ಪ್ಲೇಟು ಎತ್ತಿ ಬೇರೆ ಇಡುತ್ತಿದ್ದರು. ಹೀಗೆ ಮೊದಲು ತೋಡಿ ಹೋಯಿತು. ಮುಖಾರಿ ಹೋಯಿತು. ಒಂದೊಂದು ಹೋದಾಗಲೂ ನಾಳೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಮನೆಗೆ ಬಂದು ಒಲೆಯ ಮುಂದೆ ತಾಳ ಅಭ್ಯಾಸ ಮಾಡಿದೆ, ಕೈ ಕೂಡಲಿಲ್ಲ. ಅವರಿಗೆ ಎಲ್ಲಕ್ಕಿಂತ ಪ್ರೀತಿಯದು ಕಲ್ಯಾಣಿಯ ಪ್ಲೇಟು. ಅದನ್ನು ಬಹಳ ದಿನ ಹಾಕಲೇ ಇಲ್ಲ, ಹೆದರಿ. ಕೊನೆಗೆ ಒಂದು ಶುಕ್ರವಾರ ಹಾಕಿದರು. ಅರ್ಧ ದಾರಿಯಲ್ಲಿ ಹುಬ್ಬು ಗಂಟಾಯಿತು. ತಾವೇ ಮುಳ್ಳೆತ್ತಿದರು.

ಮುಂದಿನ ವಾರ ಗೋಡೆ ಬಡಿದು ಕರೆದು ಕೈಗೆ ಒಂದು ಕಪ್ಪು ಬಟ್ಟಲು ಕೊಟ್ಟರು. ಪ್ಲೇಟನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಚೆಂಬಿನ ಮೇಲೆ ಕವುಚಿ, ಅಂಚನ್ನು ದಾಸವಾಳದ ಎಸಳಿನ ಹಾಗೆ ಮಡಿಸಿದ್ದರು. “ಕಲ್ಯಾಣಿ,” ಎಂದರು. “ಇನ್ನು ಹಾಡಲ್ಲ. ನಿನ್ನ ಮನೇಲಿ ಹೂವಾದರೂ ಹಿಡಿದುಕೊಂಡಿರಲಿ. ಬೇರೆ ಯಾರಿಗೆ ಕೊಡಲಿ, ಹೇಳು?”

ಎರಡು ಕೈಯಲ್ಲಿ ತೆಗೆದುಕೊಂಡೆ. ಬಟ್ಟಲು ಇನ್ನೂ ಸ್ವಲ್ಪ ಬೆಚ್ಚಗಿತ್ತು.

ರೈಟರು ಕೆಲಸ ಬಿಟ್ಟು ಮೈಸೂರಿಗೆ ಹೊರಟ ದಿನ ಸಾಮಾನೆಲ್ಲ ಜೀಪಿಗೆ ಏರಿತು. ಆ ಹೊತ್ತಿಗೆ ರೈಟರಮ್ಮನ ಕಿವಿ ಪೂರ್ತಿ ಹೋಗಿತ್ತು. ರೈಟರಿಗೂ ಗೊತ್ತಾಗಿ, ಪಾಪ, ಆತ ಸನ್ನೆಯಲ್ಲಿ ಮೊದಲಿಗಿಂತ ಜಾಸ್ತಿಯೇ ಮಾತಾಡುತ್ತಿದ್ದರು. ನಾನು ಜೀಪಿನ ಪಕ್ಕ ನಿಂತು ರೈಟರಮ್ಮನ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ನನಗೆ ತಾಳ ಬರೋದಿಲ್ಲ, ಯಾವ ಪ್ಲೇಟೂ ಸವೆದಿಲ್ಲ, ಮುಳ್ಳು ಹಾರಿಲ್ಲ, ಕಲ್ಯಾಣಿ ಸರಿಯಾಗಿಯೇ ಇತ್ತು, ಮೊದಲ ದಿನದ್ದು ಹೊಗೆ. ಕೇಳಿಸದವರ ಮುಂದೆ ಅಷ್ಟು ಧೈರ್ಯ ಬಂದಿತ್ತು. ಹೇಳುತ್ತ ಹೇಳುತ್ತ ಅಳು ಬಂತು.

ಅವರು ನನ್ನ ಬಾಯಿ ನೋಡಿದರು, ಕಣ್ಣು ನೋಡಿದರು. ಸೆರಗಿನಿಂದ ನನ್ನ ಕೆನ್ನೆ ಒರೆಸಿದರು.

“ಮುಖಾರಿ ನೆನಪಾಯ್ತಾ?” ಎಂದರು.

ಜೀಪು ಹೊರಟಿತು. ಬಾಗಿಲ ಮೇಲಿದ್ದ ಅವರ ಬಲಗೈ ತಿರುವಿನ ತನಕ ತಟ್ಟುತ್ತಲೇ ಇತ್ತು.

ಕೆಲವು ವರ್ಷಗಳ ಮೇಲೆ ರೈಟರು ಹಳೆಯ ಧಣಿಯ ಮನೆಯ ಮದುವೆಗೆ ಬಂದವರು ನಮ್ಮ ಮನೆಗೂ ಬಂದರು. ಆಕೆ ತೀರಿಕೊಂಡ ವಿಷಯ ಹೇಳಿ, ಕಾಫಿ ಲೋಟ ಕೆಳಗಿಟ್ಟು, “ಎಸ್ಟೇಟಲ್ಲಿ ನನ್ನ ಜೊತೆ ಕೇಳೋಳು ಒಬ್ಬಳಿದ್ದಳು ಅಂತ ಕೊನೇವರೆಗೂ ಹೇಳ್ತಿದ್ದಳಮ್ಮ,” ಎಂದರು. ನಾನು ಇನ್ನಷ್ಟು ಕಾಫಿ ತರಲು ಒಳಗೆ ಹೋದೆ. ಲೋಟ ತುಂಬಿಯೇ ಇತ್ತು.

ಬಟ್ಟಲು ಈಗಲೂ ಅಡಿಗೆಮನೆಯ ಗೂಡಿನಲ್ಲಿದೆ. ಅದರಲ್ಲಿ ಹೂವಿಡಲು ನನಗೆ ಮನಸ್ಸಾಗಲಿಲ್ಲ. ನಡುವೆ ತೂತು ಬೇರೆ. ಬೆಳ್ಳುಳ್ಳಿ ಹಾಕಿಟ್ಟಿದ್ದೇನೆ. ತೆಗೆಯುವಾಗ ಕೆಲವು ಸಲ ಉಗುರು ಅದರ ಸಣ್ಣ ಗೀರುಗಳ ಮೇಲೆ ಎಳೆದು ಕರ್ರ್ ಎನ್ನುತ್ತದೆ. ಕಲ್ಯಾಣಿ ಎಂದರೆ ನನಗೆ ಗೊತ್ತಿರುವುದು ಅಷ್ಟೇ.